ನಮ್ಮ ಜಗಳ ಕೆಡಿಸಿದ ಕೀಲಿಮಣೆಯವರಿಗೆ

ಇಳಕಲ್ಲ,
ಜೂನ್ ತಿಂಗಳ ಮೊದಲ ಶುಕ್ರವಾರ, ೨೦೦೬

ಕಪ್ಪು ಮೈಯ, ಗಿಡ್ಡ ಅಂಗದ, ಗಟ್ಟಿ ಕಂಠದ ಶ್ರೀ ಕೀಲಿಮಣೆಯವರ ಸನ್ನಿಧಿಗೆ ಅಮಾತೆಪ್ಪನ ಅನಂತ ನಮಸ್ಕಾರಗಳು.

ಮಾನ್ಯರೇ,

ಪತ್ರದ ಆರಂಭದಲ್ಲಿ ತಮ್ಮ ಕ್ಷೇಮ ವಿಚಾರಿಸುವುದು ರೂಢಿ. ಆದರೆ ಈ ಪತ್ರವನ್ನು ತಮ್ಮ ಬೆನ್ನ ಮೇಲೆಯೇ ಬಡಿದು ಬರೆಯುತ್ತಿರುವುದರಿಂದ ತಾವು ಗಟ್ಟಿಮುಟ್ಟಾಗಿದ್ದೀರಿ ಎಂಬುದು ನನ್ನ ಹತ್ತೂ ಬೆರಳಿಗೆ ಗೊತ್ತಾಗುತ್ತಿದೆ. ತಮ್ಮ ಮೇಲಿನ ದೂರನ್ನು ತಮ್ಮಿಂದಲೇ ಬರೆಸುವುದು ಸಭ್ಯಸ್ಥರ ಲಕ್ಷಣವಲ್ಲವೆಂದು ನಾನೂ ಬಲ್ಲೆ. ಏನು ಮಾಡಲಿ, ನನ್ನ ಕೈಬರಹವನ್ನು ಮರುದಿನ ಸ್ವತಃ ನಾನೇ ಓದಲಾರೆ. ಆದ್ದರಿಂದ ನನ್ನ ಒಂದೊಂದು ಆಕ್ಷೇಪಣೆಯನ್ನೂ ತಾವೇ ಟಕಟಕನೆ ದಾಖಲಿಸಿಕೊಳ್ಳುತ್ತ ಹೋಗಬೇಕೆಂದು ವಿನಂತಿ.

ತಾವು ಬಂದು ನಾಲ್ಕು ದಿನವಾದರೂ ನಮ್ಮ ಪರಿಚಯ ಮಾಡಿಕೊಡುವುದು ಉಳಿದುಹೋಗಿದೆ. ಇಳಕಲ್ಲಿನ ನೇಕಾರ ಓಣಿಯಲ್ಲಿ, ಹಿಂದೆ ನಮ್ಮ ಅಪ್ಪನ ಎರಡು ಮಗ್ಗಗಳಿದ್ದ ಮುಂದಿನ ಖೋಲಿಯಲ್ಲಿ, ಈಗ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಕುರ್ಚಿ ಇವೆ. ಸೀರೆ ಅಂಗಡಿಗಳ ಚೀಟಿ, ಲಗ್ನಪತ್ರಿಕೆ, ರಾಮಥಾಳದ ಕಡೆಯ ರೈತರ ನೀರಿನ ಅರ್ಜಿ, ಇವನ್ನೆಲ್ಲ ಹೊಡೆದುಕೊಡುವುದು ನನ್ನ ಮತ್ತು ನನ್ನ ತಮ್ಮ ನಾಗಲಿಂಗನ ಉದ್ಯೋಗ. ಮುಂಜಾನೆಯ ಪಾಳಿ ನನ್ನದು, ಊಟದ ಮೇಲಿನದು ಅವನದು. ಹೀಗೆ ಹೊತ್ತು ಹಂಚಿಕೊಂಡದ್ದನ್ನು ಊರವರು ವ್ಯವಹಾರದ ಜಾಣತನವೆಂದು ಹೊಗಳುತ್ತಾರೆ. ಖರೆ ಹೇಳಬೇಕೆಂದರೆ ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿದೆ.

ತಮ್ಮನ್ನು ನಮ್ಮ ಮನೆ ತುಂಬಿಸಿದವನು ಹುನಗುಂದದ ಶಾಬುದ್ದೀನ. ಈ ಸೀಮೆಯ ಕಂಪ್ಯೂಟರುಗಳಿಗೆ ಜ್ವರ ಬಂದರೆ ಬ್ಯಾಗು ತೂಗಿಕೊಂಡು ಬರುವವನು ಅವನೇ. ಬಾಗಲಕೋಟೆಯ ನವನಗರದಲ್ಲಿ ಯಾರೋ ಇಂಥ ಕೀಲಿಮಣೆಗಳನ್ನು ತರಿಸಿ ಮಾರಬೇಕೆಂದಿದ್ದಾರೆ, ದಿನನಿತ್ಯದ ಟೈಪಿಂಗಿಗೂ ಆಟಕ್ಕೂ ಒಗ್ಗುತ್ತದೆಯೋ ಇಲ್ಲವೋ ಬಳಸಿ ನೋಡಿ ಅಭಿಪ್ರಾಯ ಬರೆದುಕೊಡಿ ಎಂದು ಹೇಳಿ, ಚಹಾ ಕುಡಿದು, ತಮ್ಮನ್ನು ಮೇಜಿನ ಮೇಲಿಟ್ಟು ಹೋದ. ಹೀಗಾಗಿ ಈ ದೂರಿನಲ್ಲೇ ಆ ಅಭಿಪ್ರಾಯವೂ ಸೇರಿದೆ ಎಂದು ಭಾವಿಸತಕ್ಕದ್ದು.

ಮೊದಲು ಟೈಪಿಂಗಿನ ಮಾತು. ಡಬ್ಬಿ ತೆರೆದಾಗ ಬಲಗಡೆ ಇರಬೇಕಾದ ಅಂಕಿಗಳ ಗುಂಪು ಕಾಣದೆ, ಹುನಗುಂದದ ಬಸ್ಸಿನಲ್ಲಿ ತಮ್ಮ ಮೈಯ ಒಂದು ಪಾಲು ಬಿದ್ದುಹೋಗಿದೆಯೆಂದು ನಾನು ಗಾಬರಿಯಾಗಿದ್ದೆ. ತಾವು ಹುಟ್ಟಿದ್ದೇ ಹಾಗೆ ಎಂದು ಆಮೇಲೆ ತಿಳಿಯಿತು. ರೈತರ ಸರ್ವೆ ನಂಬರು ಹೊಡೆಯುವಾಗ ಮೇಲಿನ ಸಾಲಿಗೆ ಚಾಚಿ ಚಾಚಿ ನನ್ನ ಮಣಿಕಟ್ಟು ತಮ್ಮನ್ನು ಬೈದದ್ದು ನಿಜ. ಆದರೆ ಬೈಗುಳ ಅಲ್ಲಿಗೇ ಮುಗಿಯಿತು. ತಮ್ಮ ಒಂದೊಂದು ಕೀಲಿಯ ಅಡಿಗೂ ತನ್ನದೇ ಒಂದು ಸ್ಪ್ರಿಂಗು, ಒತ್ತಿದ್ದು ಬೆರಳಿಗೂ ಕಿವಿಗೂ ಒಮ್ಮೆಲೇ ತಿಳಿಯುವ ವ್ಯವಸ್ಥೆ, ನಮ್ಮ ಓಣಿಯ ಗಾಳಿಯಲ್ಲಿ ತೇಲುವ ನೂಲೆಳೆಯ ಧೂಳು ಒಳಗೆ ಕೂತರೆ ಕೀಲಿಯನ್ನು ಕಿತ್ತು, ಉಫ್ ಎಂದು ಊದಿ, ಮತ್ತೆ ಕೂರಿಸಿಬಿಡುವ ಅನುಕೂಲ! ನಮ್ಮ ಹಳೆಯ ಕೀಲಿಮಣೆಯ ಹೊಟ್ಟೆಯಲ್ಲಿ ಇದ್ದದ್ದು ಒಂದು ರಬ್ಬರಿನ ಹಾಳೆ. ಅದರ ಮೇಲೆ ಬರೆಯುವುದೆಂದರೆ ನಾದಿಟ್ಟ ಹಿಟ್ಟಿನಲ್ಲಿ ಬೆರಳು ಊರಿದಂತೆ, ಅಕ್ಷರ ಬಂತೋ ಇಲ್ಲವೋ ಎಂದು ಪ್ರತಿ ಸಲ ತಲೆಯೆತ್ತಿ ನೋಡಬೇಕಾಗುತ್ತಿತ್ತು.

ತಮ್ಮ ಕಂಠದ ಬಗ್ಗೆ ಮಾತ್ರ ಒಂದು ಸಣ್ಣ ತಕರಾರಿದೆ. ಹಿಂದಿನ ಖೋಲಿಯಲ್ಲಿ ಉಳಿದಿರುವ ಒಂದು ಮಗ್ಗದಲ್ಲಿ ನಮ್ಮ ಅವ್ವ ಸಂಗವ್ವ ಇವತ್ತಿಗೂ ನೇಯುತ್ತಾಳೆ. ನೇಕಾರರ ಮನೆಯಲ್ಲಿ ಕೆಲಸವನ್ನು ಕಿವಿಯಿಂದ ನೋಡುವುದು ವಾಡಿಕೆ. ಸದ್ದು ನಿಂತರೆ ಎಳೆ ಹರಿದಿರಬೇಕು, ಇಲ್ಲವೆ ಮನುಷ್ಯ ಮಲಗಿರಬೇಕು. ತಾವು ಬಂದ ಮರುದಿನವೇ ಅವ್ವ ಕೂತಲ್ಲಿಂದಲೇ, ನಾನು ಲಗ್ನಪತ್ರಿಕೆ ಹೊಡೆಯುತ್ತಿದ್ದೇನೋ ಆಟ ಆಡುತ್ತಿದ್ದೇನೋ ಎಂದು ಸರಿಯಾಗಿ ಹೇಳತೊಡಗಿದಳು. ಪತ್ರಿಕೆಗೆ ತಮ್ಮ ಕೀಲಿಗಳೆಲ್ಲ ಮಾತಾಡುತ್ತವಂತೆ, ಆಟಕ್ಕೆ ಮೂರು ನಾಲ್ಕು ಮಾತ್ರ ಒದರುತ್ತವಂತೆ. ಐವತ್ತು ಸಮೀಪಿಸುತ್ತಿರುವ ಮನುಷ್ಯನ ಚಾಡಿಯನ್ನು ಅವನ ತಾಯಿಗೆ ಹೇಳುವ ಯಂತ್ರವನ್ನು ನಾನು ಈವರೆಗೆ ಕಂಡಿರಲಿಲ್ಲ. ಇದನ್ನೂ ಕ್ಷಮಿಸಿದ್ದೇನೆ.

ಕ್ಷಮಿಸಲಾಗದ್ದು ಆಟದ ವಿಷಯ. ಆರು ವರ್ಷದ ಹಿಂದೆ ನಾಗಲಿಂಗ ಎಲ್ಲಿಂದಲೋ ಒಂದು ಸಿಡಿ ತಂದು, ಇಬ್ಬರು ಜಟ್ಟಿಗಳು ಸೇತುವೆಯ ಮೇಲೆ ಗುದ್ದಾಡುವ ಆಟವನ್ನು ಕಂಪ್ಯೂಟರಿಗೆ ಹಾಕಿದ. ಒಂದೇ ಕೀಲಿಮಣೆಯಲ್ಲಿ ಇಬ್ಬರೂ ಆಡಬೇಕು; ಎಡಗಡೆಯ ಅಕ್ಷರಗಳು ನನ್ನವು, ಬಲತುದಿಯ ಅಂಕಿಗಳು ಅವನವು. ಸಂಜೆ ಅಂಗಡಿಯ ಕದ ಅರ್ಧ ಮುಂದೆ ಮಾಡಿ ಆಡಲು ಕೂತರೆ, ಸರಿಯಾಗಿ ಜಿಗಿಯಬೇಕಾದ ಹೊತ್ತಿಗೆ ನನ್ನ ಜಟ್ಟಿ ಕಂಬದ ಹಾಗೆ ನಿಂತುಬಿಡುತ್ತಿದ್ದ, ಅವನು ಒದೆ ತಿಂದು ಹೊಳೆಗೆ ಬಿದ್ದ ಮೇಲೆ ನನ್ನ ಕೀಲಿ ಕೆಲಸ ಮಾಡುತ್ತಿತ್ತು. ಆಟ ಹಾಕಿದವನು ನೀನೇ, ಒಳಗೆ ಏನೋ ಕಿತಾಪತಿ ಮಾಡಿಟ್ಟಿದ್ದೀಯ ಎಂದು ನಾನು ಅಂದೆ. ತನ್ನ ಒದೆಯೂ ಎಷ್ಟೋ ಸಲ ಬೀಳುವುದಿಲ್ಲ, ನಾನು ಕಿರುಬೆರಳು ಚಾಚಿ ಅವನ ಕೀಲಿ ಒತ್ತಿ ಹಿಡಿಯುತ್ತೇನೆ ಎಂದು ಅವನು ಅಂದ. ಅಲ್ಲಿಂದ ಮಾತಿಗೆ ಮಾತು ಬೆಳೆದು, ಅಪ್ಪ ಬನಶಂಕರಿ ಜಾತ್ರೆಗೆ ಹೋಗುವಾಗ ಯಾರನ್ನು ಹೆಚ್ಚು ದೂರ ಹೆಗಲ ಮೇಲೆ ಹೊತ್ತಿದ್ದ ಎನ್ನುವವರೆಗೆ ಹೋಯಿತು. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ.

ಮಾತು ಬಿಡುವುದರಲ್ಲಿ ನಮ್ಮದು ಅನುಭವಸ್ಥ ಮನೆತನ. ನಮ್ಮ ಅವ್ವ ತನ್ನ ನೆಗೆಣ್ಣಿಯ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲಿ ಮಗ್ಗದ ಲಾಳಿಯನ್ನು ಕೈಯಲ್ಲಿ ಹಿಡಿದು, ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ಒಳಗಿನವರಿಗೆ ತಿಳಿಸು ಎಂದು ಅದಕ್ಕೆ ಹೇಳುತ್ತಿದ್ದಳು. ಅಷ್ಟರಲ್ಲಿ ಹಾಲು ಉಕ್ಕಿಯೇ ಹೋಗುತ್ತಿತ್ತು. ನಾವು ಆ ವಿದ್ಯೆಯನ್ನು ಕಾಲಕ್ಕೆ ತಕ್ಕಂತೆ ತಿದ್ದಿ ಪ್ರಿಂಟರಿಗೆ ಹೇಳುತ್ತೇವೆ. ಶಾಯಿ ಮುಗಿದದ್ದು, ಗಿರಾಕಿ ಬಂದದ್ದು, ಅವ್ವನಿಗೆ ಜ್ವರ ಬಂದದ್ದು, ಎಲ್ಲವನ್ನೂ ಆ ಯಂತ್ರ ಆರು ವರ್ಷ ನಿಷ್ಠೆಯಿಂದ ಕೇಳಿಸಿಕೊಂಡಿದೆ.

ಜಗಳವಾದ ವರ್ಷವೇ ನಾಗಲಿಂಗನಿಗೆ ಮಗಳು ಹುಟ್ಟಿದಳು. ಅವಳನ್ನು ತೊಟ್ಟಿಲಿಗೆ ಹಾಕಿ ಶ್ರುತಿ ಎಂದು ಹೆಸರಿಟ್ಟ ದಿನ ನಾನು ಅಮೀನಗಡದ ಸಂತೆಗೆ ಹೋಗಿ, ಕೊಳ್ಳುವುದೂ ಇಲ್ಲದೆ ಮಾರುವುದೂ ಇಲ್ಲದೆ, ದನಗಳ ನಡುವೆ ಸಂಜೆಯವರೆಗೆ ನಿಂತು ಬಂದೆ. ಬರುವ ಸೋಮವಾರ ಅವಳು ಮೊದಲ ಸಲ ಶಾಲೆಗೆ ಹೋಗುತ್ತಾಳೆ. ಅದಕ್ಕೂ ಮುಂಚೆ ತಾಟಿನಲ್ಲಿ ಜೋಳ ಹರವಿ, ಮನೆಯ ಹಿರಿಯ ಗಂಡಸು ಮಗುವಿನ ಬೆರಳು ಹಿಡಿದು ಮೊದಲಕ್ಷರ ಬರೆಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಮಗಿಬ್ಬರಿಗೂ ಅಜ್ಜ ಬರೆಸಿದ್ದ. ಅಜ್ಜನೂ ಅಪ್ಪನೂ ಇಲ್ಲದ ಮೇಲೆ ಈಗ ಹಿರಿಯ ಗಂಡಸೆಂದರೆ ನಾನು. ಆ ಬೆರಳು ಹಿಡಿಯುವ ಆಸೆ ನನಗೆ ಬಹಳವಿದೆ. ಆದರೆ ನನ್ನನ್ನು ಕರೆಯಬೇಕೆಂದರೆ ಅವನು ಮಾತಾಡಬೇಕು, ಕರೆಯದೆ ಹೋಗಬೇಕೆಂದರೆ ನಾನು ಮಾತಾಡಬೇಕು. ಮೋಸ ಮಾಡಿದವನು ಮೊದಲು ಮಾತಾಡಬೇಕಾದದ್ದು ನ್ಯಾಯ. ಮೋಸ ಮಾಡಿದವನು ಅವನೆಂದು ನನಗೆ ನಿಶ್ಚಯವಿತ್ತು, ನಾನೆಂದು ಅವನಿಗೆ ನಿಶ್ಚಯವಿತ್ತು. ಎಲ್ಲವೂ ಹೀಗೆ ವ್ಯವಸ್ಥಿತವಾಗಿ ನಡೆದಿರುವಾಗ ತಾವು ದಯಮಾಡಿಸಿದಿರಿ.

ಒಬ್ಬರೇ ಆಡಿ ನೋಡಿದರೆ ಸಾಲದು, ಇಬ್ಬರೂ ಕೂಡಿ ಆಡಿ ನೋಡಬೇಕು ಎಂಬುದು ಶಾಬುದ್ದೀನನ ಕರಾರಾಗಿತ್ತು. ನಿನ್ನೆ ನನ್ನ ಪಾಳಿ ಮುಗಿಯುವ ಹೊತ್ತಿಗೆ ನಾಗಲಿಂಗ ಬಂದು, ಸಂಜೆ ಆಟ ಹಚ್ಚುತ್ತೇನೆ, ಬರುವವರಿದ್ದರೆ ಬರಬಹುದು ಎಂದು ಪ್ರಿಂಟರಿಗೆ ತಿಳಿಸಿದ. ನನಗೇನೂ ಆಟದ ಹುಚ್ಚಿಲ್ಲ, ಶಾಬುದ್ದೀನನಿಗೆ ಕೊಟ್ಟ ಮಾತಿಗಾಗಿ ಬರುತ್ತೇನೆ ಎಂದು ನಾನೂ ಪ್ರಿಂಟರಿಗೇ ಉತ್ತರ ಕೊಟ್ಟೆ. ಸಂಜೆ ಕೂತೆವು. ತಮಗೆ ಅಂಕಿಗಳ ಗುಂಪಿಲ್ಲವಾದ್ದರಿಂದ ಅವನು ಮೂಲೆಯ ಬಾಣದ ಕೀಲಿಗಳಿಗೆ ಬರಬೇಕಾಯಿತು, ತಾವು ಇಷ್ಟೇ ಇಷ್ಟು ಅಗಲವಾದ್ದರಿಂದ ಕುರ್ಚಿಗೆ ಕುರ್ಚಿ ಹತ್ತಿಸಿ ಕೂರಬೇಕಾಯಿತು. ಅವನ ಮೊಣಕೈ ನನ್ನ ಪಕ್ಕೆಗೆ ತಾಗಿತು. ನಾಗಲಿಂಗ ಇಷ್ಟು ಸಣಕಲಾಗಿದ್ದಾನೆಂದು ನನಗೆ ಗೊತ್ತಾದದ್ದೇ ಆಗ, ಮನಸ್ಸಿಗೆ ಭಾಳ ಕೆಡುಕೆನಿಸಿತು.

ಆಟ ಶುರುವಾಯಿತು. ನಾನು ಜಿಗಿ ಎಂದಾಗಲೆಲ್ಲ ನನ್ನ ಜಟ್ಟಿ ಜಿಗಿದ, ಅವನು ಒದೆ ಎಂದಾಗಲೆಲ್ಲ ಅವನ ಜಟ್ಟಿ ಒದ್ದ. ಒಂದೇ ಒಂದು ಪೆಟ್ಟು ತಪ್ಪಲಿಲ್ಲ. ಆಟ ಅದೇ, ಆಡುವವರು ಅವರೇ, ಬದಲಾದದ್ದು ತಾವು ಮಾತ್ರ. ನಾಗಲಿಂಗ ಎದ್ದು ಕಪಾಟಿನ ಮೇಲಿಂದ ಹಳೆಯ ಕೀಲಿಮಣೆಯನ್ನು ಇಳಿಸಿ ತಂದು, ತಮ್ಮನ್ನು ಕಳಚಿ ಅದನ್ನು ಜೋಡಿಸಿ, ಪತ್ರ ಬರೆಯುವ ಖಾಲಿ ಹಾಳೆಯನ್ನು ಪರದೆಯ ಮೇಲೆ ತೆರೆದ. ತನ್ನ ಎರಡು ಅಂಕಿಗಳನ್ನು ಒತ್ತಿ ಹಿಡಿದು ನನ್ನ ಕೈ ನೋಡಿದ. ನಾನು ನನ್ನ ಜಿಗಿತದ ಕೀಲಿ ಒತ್ತಿದೆ, ಅಕ್ಷರ ಬರಲಿಲ್ಲ. ಅವನು ಬೆರಳೆತ್ತಿದ, ಬಂತು. ನಾನು ನನ್ನವನ್ನು ಒತ್ತಿ ಹಿಡಿದೆ. ಅವನ ಒದೆಯ ಅಂಕಿ ಬರಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆವು. ಮೂರು ಬೆರಳು ಒಮ್ಮೆಲೇ ಬಿದ್ದರೆ ಒಂದನ್ನು ನುಂಗಿಬಿಡುವುದು ಆ ಬಡ ಕೀಲಿಮಣೆಯ ಜಾಯಮಾನವಾಗಿತ್ತು. ಅವನು ಒಳಗೆ ಏನೂ ಮಾಡಿರಲಿಲ್ಲ. ನನ್ನ ಕಿರುಬೆರಳೂ ಎಲ್ಲಿಗೂ ಹೋಗಿರಲಿಲ್ಲ.

ತಮ್ಮ ಸದ್ದು ನಡುವೆಯೇ ನಿಂತದ್ದನ್ನು ಕೇಳಿ ಅವ್ವ ಮಗ್ಗ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ನೋಡಿಯಾದ ಮೇಲೆ, “ಇನ್ನ ತಪ್ಪು ಯಾರ ಮ್ಯಾಲ ಹಾಕ್ತೀರಿ?” ಎಂದು ಕೇಳಿ ಒಳಗೆ ಹೋದಳು. ನಾವಿಬ್ಬರೂ ಪ್ರಿಂಟರಿನ ಕಡೆ ನೋಡಿದೆವು.

ಈಗ ಹೇಳಿ ಮಾನ್ಯರೇ, ಇಷ್ಟು ಪ್ರಾಮಾಣಿಕರಾಗಿರಲು ತಮಗೆ ಅಪ್ಪಣೆ ಕೊಟ್ಟವರು ಯಾರು? ಈ ಸಿಟ್ಟನ್ನು ನಾನು ಆರು ವರ್ಷ ಸಾಕಿ ಬೆಳೆಸಿದ್ದೆ. ಹಬ್ಬಕ್ಕೆ ಎರಡು ಒಲೆ ಹೊತ್ತಿಸಿದ್ದು ಅದರ ಬಲದಿಂದ, ಅಂಗಳದಲ್ಲಿ ಆ ಹುಡುಗಿ ದೊಡ್ಡಪ್ಪಾ ಎಂದು ಓಡಿ ಬಂದಾಗ ಪೇಪರು ಅಡ್ಡ ಹಿಡಿದದ್ದು ಅದರ ಬಲದಿಂದ. ಅದಕ್ಕೆ ಕಾರಣವೇ ಇರಲಿಲ್ಲವೆಂದು ಒಂದು ಸಂಜೆಯ ಆಟದಲ್ಲಿ ತೋರಿಸಿಕೊಟ್ಟಿರಿ. ಆಯಿತು, ತೋರಿಸಿದಿರಿ, ಮುಂದಿನದ್ದನ್ನಾದರೂ ನೋಡಿಕೊಳ್ಳಬೇಡವೇ? ಮೋಸ ಮಾಡಿದವನೇ ಇಲ್ಲವೆಂದಾದ ಮೇಲೆ ಮೊದಲು ಮಾತಾಡಬೇಕಾದವನು ಯಾರು ಎಂಬುದನ್ನು ತೀರ್ಮಾನಿಸುವ ಕೀಲಿ ತಮ್ಮಲ್ಲಿ ಎಲ್ಲಿದೆ? ನಿನ್ನೆಯಿಂದ ಹುಡುಕುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಾವು ಇಂದಿನಿಂದಲೇ ಒಂದಾದರೂ ಕೀಲಿಯನ್ನು ನುಂಗುವ ಅಭ್ಯಾಸ ಮಾಡಿಕೊಳ್ಳಬೇಕು. ಅದು ಕಷ್ಟವೆಂದಾದರೆ, ಅಂದು ನಾಗಲಿಂಗ ಏನೋ ಕಿತಾಪತಿ ಮಾಡಿದ್ದು ನಿಜವೆಂದು ಸಾಕ್ಷಿ ನುಡಿಯಬೇಕು. ಆಗ ತಾವಿನ್ನೂ ಹುಟ್ಟಿರಲಿಲ್ಲ ಎಂಬ ಸಬೂಬು ಬೇಡ, ಹುಟ್ಟುವ ಮುಂಚಿನ ಸಂಗತಿಗೆ ಸಾಕ್ಷಿ ಹೇಳುವವರು ನಮ್ಮ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೂ ಆಗದಿದ್ದರೆ, ಬರೆದದ್ದನ್ನು ಹಿಂದಕ್ಕೆ ಅಳಿಸುತ್ತ ಹೋಗುವ ಆ ಉದ್ದನೆಯ ಕೀಲಿ ಇದೆಯಲ್ಲ, ಅದನ್ನು ನಾನು ಒತ್ತಿ ಹಿಡಿಯುತ್ತೇನೆ, ತಾವು ಅಮೀನಗಡದ ಸಂತೆಯವರೆಗೆ ಅಳಿಸಿ ನನ್ನನ್ನು ತೊಟ್ಟಿಲ ಬಳಿ ನಿಲ್ಲಿಸಬೇಕು. ಇಷ್ಟು ಮಾಡಿದರೆ ತಮ್ಮ ಮೇಲಿನ ಎಲ್ಲ ಆಕ್ಷೇಪಣೆಗಳನ್ನೂ ಹಿಂತೆಗೆದುಕೊಳ್ಳುತ್ತೇನೆ.

ಶಾಬುದ್ದೀನನಿಗೆ ಕೊಡಬೇಕಾದ ಅಭಿಪ್ರಾಯ ಹೀಗಿದೆ: ಬರೆಯಲು ಉತ್ತಮ, ಆಡಲು ಅತ್ಯುತ್ತಮ, ಮಾತು ಬಿಟ್ಟವರಿರುವ ಮನೆಗೆ ಮಾರಕೂಡದು. ಊಟದ ಹೊತ್ತಾಯಿತು, ನನ್ನ ಪಾಳಿ ಮುಗಿಯಿತು. ಈ ಪತ್ರವನ್ನು ಮುಚ್ಚದೆ ಪರದೆಯ ಮೇಲೆ ಹಾಗೆಯೇ ಬಿಟ್ಟು ಹೋಗುತ್ತಿದ್ದೇನೆ. ಬಹಿರಂಗ ಪತ್ರವೆಂದ ಮೇಲೆ ಯಾರು ಬೇಕಾದರೂ ಓದಬಹುದು, ಅದಕ್ಕೆ ನಾನು ಹೊಣೆಗಾರನಲ್ಲ.

ಆರು ವರ್ಷದ ಸಿಟ್ಟು ಕಳೆದುಕೊಂಡು ಬರಿಗೈಯಲ್ಲಿ ನಿಂತಿರುವ,

ತಮ್ಮ ವಿಶ್ವಾಸಿ,
ಅಮಾತೆಪ್ಪ

ತಾ.ಕ.: ಶನಿವಾರ ಮುಂಜಾನೆ ಬಂದು ನೋಡಿದರೆ ಪತ್ರ ತೆರೆದೇ ಇತ್ತು, ನನ್ನ ಹೆಸರಿನ ಕೆಳಗೆ ಬೇರೆಯವರ ಬೆರಳಿನ ಸಾಲುಗಳಿದ್ದವು: “ಕೀಲಿಮಣಿಯವರ, ದೊಡ್ಡವರಿಗೆ ತಿಳಸ್ರಿ. ಸೋಮವಾರ ಮುಂಜಾನೆ ಜ್ವಾಳ ಹರವಿರ್ತೇವಿ. ಅವರು ಬರಲಿಲ್ಲಂದ್ರ ಹುಡುಗಿ ಈ ವರ್ಷ ಸಾಲಿ ಮೆಟ್ಟಲ ಹತ್ತೂದಿಲ್ಲ.” ಉತ್ತರ ಬರೆಯಲು ತಮ್ಮ ಮುಂದೆ ಕೂತೆ, ನಾಲ್ಕು ಕೀಲಿ ಒತ್ತಿದೆ, ನಾಲ್ಕನ್ನೂ ಅಳಿಸಿದೆ. ಎದ್ದು ಹೋಗಿ ಅವನ ಪಾಲಿನ ಮನೆಗೆ ಹೋಗುವ ನಡುವಿನ ಬಾಗಿಲು ತೆಗೆದು, “ನಾಗ್ಯಾ, ಸೋಮವಾರ ಬರ್ತೇನಿ,” ಎಂದೆ. ಒಳಗಿನಿಂದ, “ಬಾ ಯಣ್ಣಾ,” ಎಂದ. ಆರು ವರ್ಷದ ಮೇಲೆ ಸಿಕ್ಕ ಮಾತು ಅಷ್ಟೇ, ತಮ್ಮ ಒಂದು ಕೀಲಿಯ ಸದ್ದಿಗಿಂತ ಸಣ್ಣದು. ಇನ್ನು ಮೇಲೆ ನಮ್ಮಿಬ್ಬರ ನಡುವೆ ತಾವು ಬಾಯಿ ಹಾಕಬೇಕಾಗಿಲ್ಲ.