ನಿಂತ ಗಾಡಿಯ ಸವಾರಿ

ತನ್ನ ಹಳೆಯ ಗಾಡಿಗೆ ಬೆಲೆ ಹೇಳುವಾಗ ಮನುಷ್ಯ ಪೂರ್ತಿ ಎಚ್ಚರದಲ್ಲಿ ಇರುವುದಿಲ್ಲ ಎಂಬುದು ನನ್ನ ನಂಬಿಕೆ. ಕಣ್ಣು ತೆರೆದಿರುತ್ತದೆ, ಬಾಯಿ ಆಡುತ್ತಿರುತ್ತದೆ. ಆತ ಮಾತ್ರ ಎಲ್ಲೋ ಹಿಂದಿನ ಒಂದು ಬೆಳಗಿನಲ್ಲಿ, ಆಗಷ್ಟೇ ಶೋರೂಮಿನಿಂದ ಹೊರಬಿದ್ದ ಗಾಡಿಯ ಮೇಲೆ, ಹಾರದ ಹೂವುಗಳನ್ನು ದಾರಿಯುದ್ದಕ್ಕೂ ಉದುರಿಸುತ್ತ ಹೋಗುತ್ತಿರುತ್ತಾನೆ. ನಾನು ಸಾಲಿ ಕಲಿತದ್ದು ಏಳನೇ ಇಯತ್ತೆಯವರೆಗೆ. ಆದರೆ ಮಚ್ಛೆಯ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತೇ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಕಬ್ಬಿಣ ಸವೆಯುತ್ತದೆ, ಸವೆದಷ್ಟು ಬೆಲೆ ಇಳಿಯುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಇಷ್ಟು ಸರಳ ಮಾತು ಗಾಡಿ ಮಾಲೀಕರ ತಲೆಗೆ ಏಕೆ ಹೋಗುವುದಿಲ್ಲ ಎಂದು ನಾನು ಬಹಳ ದಿನ, ತುಸು ಹೆಮ್ಮೆಯಿಂದಲೇ, ಬೆರಗುಪಟ್ಟಿದ್ದೇನೆ.

ನಮಗೆ ವ್ಯಾನು ಬೇಕಾದದ್ದು ರೊಟ್ಟಿಯ ಸಲುವಾಗಿ. ಶಿವಬಸವ ನಗರದ ನಮ್ಮ ಚಿಕ್ಕ ಮನೆಯಲ್ಲಿ ಹೆಂಡತಿ ಶೋಭಾ ಖಡಕ್ ರೊಟ್ಟಿ ಮಾಡುತ್ತಾಳೆ. ಕೆಲಸಕ್ಕೆ ಹೋಗುವಾಗ ನಾನು ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ದಾರಿಯ ಖಾನಾವಳಿಗಳಿಗೆ ಕೊಟ್ಟು ಹೋಗುತ್ತೇನೆ. ರಸ್ತೆಯ ತಗ್ಗಿನಲ್ಲಿ ಗಾಡಿ ಜಿಗಿದಾಗಲೆಲ್ಲ ಬೆನ್ನ ಹಿಂದೆ ಚಟ್ ಎಂದು ಸಪ್ಪಳ. “ನಸುಕಿನ್ಯಾಗ ಎದ್ದು ನಾ ರೊಟ್ಟಿ ಬಡೀತೀನಿ, ನೀವು ಚೂರು ಒಯ್ದು ಕೊಡ್ತೀರಿ” ಎನ್ನುತ್ತಾಳೆ ಶೋಭಾ. ನಮ್ಮ ದೊಡ್ಡ ಗಿರಾಕಿಯಾದ ಖಾನಾವಳಿಯವನಂತೂ, ಈ ತಿಂಗಳೊಳಗೆ ಇಡೀ ರೊಟ್ಟಿ ಬರದಿದ್ದರೆ ಬೇರೆಯವರ ಹತ್ತಿರ ಕೊಳ್ಳುವುದಾಗಿ ಹೇಳಿಬಿಟ್ಟಿದ್ದ. ಆಕೆಯ ದುಡಿಮೆ ನನ್ನ ಹಿಂದಿನ ಸೀಟಿನಲ್ಲಿ ಪುಡಿಯಾಗುತ್ತಿತ್ತು. ಹಾಗಾಗಿ ಮೊಪೆಡ್ ಮಾರಿ, ಕೂಡಿಟ್ಟದ್ದನ್ನು ಸೇರಿಸಿ, ಹಳೆಯದೊಂದು ವ್ಯಾನು ತರುವುದೆಂದು ಇಬ್ಬರೂ ನಿಶ್ಚಯಿಸಿದೆವು.

ಹುಡುಕುತ್ತ ಹೊರಟ ಮೇಲೆಯೇ ನನಗೆ ಈ ಕನಸುಗಾರರ ಪರಿಚಯವಾದದ್ದು. ಒಬ್ಬರು ಪ್ರತಿವರ್ಷ ದಸರೆಯ ಖಂಡೇ ಪೂಜೆಗೆ ಗಾಡಿಯ ಮುಂದೆ ಒಡೆದ ತೆಂಗಿನಕಾಯಿ, ಕುಂಬಳಕಾಯಿಯನ್ನೆಲ್ಲ ಬೆಲೆಗೆ ಸೇರಿಸಿದ್ದರು. ಇನ್ನೊಬ್ಬರ ವ್ಯಾನಿನ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕುಳಿತಿತ್ತು. ಅವರು ಹೇಳಿದ ಬೆಲೆ ಕೇಳಿ, “ಕೋಳಿ ಹಿಡಿದು ಹೇಳಾಕತ್ತೀರೋ, ಬಿಟ್ಟು ಹೇಳಾಕತ್ತೀರೋ?” ಎಂದು ವಿಚಾರಿಸಬೇಕಾಯಿತು.

ಕೊನೆಗೆ ಯಾರೋ ಖಾನಾಪುರದ ಧನಪಾಲ ಕಾಕಾನ ಹೆಸರು ಹೇಳಿದರು. ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟು ಆರಾಮಾಗಿರುವ ಹಿರಿಯರು. ಅಂಗಳದಲ್ಲಿ ಬಿಳಿ ವ್ಯಾನು ನಿಂತಿತ್ತು. “ಬರ್ರಿ, ಕುಂದರ್ರಿ” ಎಂದು ಅವರು ಕುರ್ಚಿ ತೋರಿಸಲಿಲ್ಲ, ವ್ಯಾನಿನ ಬಾಗಿಲು ತೆರೆದರು. ತಾವು ಸ್ಟೇರಿಂಗ್ ಹಿಡಿದು ಕುಳಿತರು. ಬಾಜೂಕ್ಕೆ ನಾನು, ಹಿಂದೆ ಶೋಭಾ. ಅವರ ಹೆಂಡತಿ, ಕಾಕು, ವ್ಯಾನಿನ ಕಿಟಕಿಯಿಂದಲೇ ಚಹಾ ಕೊಟ್ಟರು. ಗಾಜಿನ ಮೇಲೆ ಮಧ್ಯಾಹ್ನದ ಬಿಸಿಲು ಜೇನಿನ ಹಾಗೆ ಇಳಿಯುತ್ತಿತ್ತು.

“ಇಲ್ಲಿಂದ ಘಾಟ್ ಸುರು ಆತು ನೋಡ್ರಿ” ಎಂದು ಕಾಕಾ ಸ್ಟೇರಿಂಗ್ ತಿರುಗಿಸಿದರು. “ಈ ತಿರುವಿನ್ಯಾಗ ನಮ್ಮ ಮಗಳು ವಾಂತಿ ಮಾಡ್ಕೊಂಡ್ಲು. ಇಲ್ಲೇ ಇಳದು ಅವಲಕ್ಕಿ ತಿಂದ್ವಿ.” ತಿರುವಿಗೆ ನಾನೂ ವಾಲಿದೆ. ಶೋಭಾ ಸೀಟಿನ ಅಂಚು ಹಿಡಿದುಕೊಂಡಳು. ಮೋಡವೊಂದು ಗಾಜಿಗೆ ಹಣೆ ಹಚ್ಚಿ ಸರಿದುಹೋದಂತಾಯಿತು, ಎಲ್ಲೋ ಒಂದು ಹಳ್ಳ ಮಾತಾಡಿತು. ಎಷ್ಟು ಹೊತ್ತು ಹಾಗೆ ಹೋದೆವೋ ತಿಳಿಯದು. “ಬಂತು ನೋಡ್ರಿ ಗೋವಾ” ಎಂದು ಅವರು ಬ್ರೇಕು ಒತ್ತಿದಾಗ, ಎದುರಿನ ಕಂಪೌಂಡಿನ ನೀಲಿ ಗೋಡೆ ನನಗೆ ನಿಜವಾಗಿಯೂ ಸಮುದ್ರವಾಗಿ ಕಂಡಿತು. ಎಂಜಿನ್ ಶುರು ಮಾಡಿರಲೇ ಇಲ್ಲ.

“ಎಷ್ಟಕ್ಕ ಕೊಡ್ತೀರಿ ಕಾಕಾ?” ಎಂದೆ.

“ಮೂರೂವರಿ ಲಕ್ಷ.”

ನಾನು ಥಟ್ಟನೆ ಖಾನಾಪುರಕ್ಕೆ ವಾಪಸು ಬಂದೆ. “ಕಾಕಾ, ಟೈರಿನ್ಯಾಗ ಗಾಳಿ ಸೈತ ಇಲ್ಲ.”

“ಗಾಳಿಗೆ ನಾ ರೊಕ್ಕ ಹಿಡದಿಲ್ಲಪಾ.”

“ಒಂದು ಲಕ್ಷಕ್ಕ ಕೊಡ್ರಿ. ಇವತ್ತ ಎಳಕೊಂಡು ಹೋಗ್ತೀನಿ.”

ಎಳೆದುಕೊಂಡು ಹೋಗುವ ಮಾತು ಕೇಳಿ ಅವರ ಮುಖ ಸಣ್ಣದಾಯಿತು. ಸ್ಟೇರಿಂಗನ್ನು ಒಮ್ಮೆ ಅಂಗೈಯಿಂದ ಒರೆಸಿ, “ನಾಕು ಲಕ್ಷ” ಎಂದರು. ಗೇಟಿನ ತನಕ ಬಂದ ಕಾಕು ಶೋಭಾಳ ಕೈ ಹಿಡಿದು, “ಬ್ಯಾಸರ ಮಾಡ್ಕೋಬ್ಯಾಡವಾ. ಬಂದವರನ್ನೆಲ್ಲ ಹಿಂಗ ಗೋವಾಕ್ಕ ಒಯ್ದು ತರತಾರ” ಎಂದರು.

ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಕಾಕಾನ ಬೆಲೆಯನ್ನು ನೆನೆದು ನಕ್ಕೆ. ಶೋಭಾ ಕಿಟಕಿಯಾಚೆ ನೋಡುತ್ತ, “ಸಮುದ್ರ ಛಂದಿತ್ತು” ಎಂದಳು.

ಮುಂದಿನ ಭಾನುವಾರ ನನ್ನ ಮೊಪೆಡ್ ನೋಡಲು ನಂದಗಡದಿಂದ ಯಲ್ಲಪ್ಪ ಎಂಬ ಹಾಲು ಮಾರುವವನು ಬಂದ. ಒಳ್ಳೆಯ ಮನುಷ್ಯ, ರೊಕ್ಕವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಹದಿನೈದು ಸಾವಿರ ಸಿಕ್ಕರೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. “ಕುಂದರ್ರಿ” ಎಂದು ನಾನು ಗಾಡಿಯ ಸೀಟನ್ನೇ ತಟ್ಟಿದೆ. ಅವನು ಕುಳಿತ. ಯಾರ ಮುಂದೆಯೂ ಕೈ ಚಾಚದೆ ಇದನ್ನು ಕೊಂಡದ್ದು, ಹೊಸ ಮದುವಣಗಿತ್ತಿ ಶೋಭಾ ಹಿಂದೆ ಕುಳಿತು ನನ್ನ ಅಂಗಿಯ ತುದಿಯನ್ನಷ್ಟೇ ಹಿಡಿದದ್ದು, ಆಕೆಯ ಮುಡಿಯ ಅಬ್ಬಲಿಗೆ ಗಾಳಿಗೆ ಹಾರಿ ಕೋಟೆಯ ಕೆರೆಯ ಕಡೆಗೆ ಹೋದದ್ದು, ಎಲ್ಲ ಹೇಳಿದೆ.

“ಛಲೋ ಐತ್ರಿ ಅಣ್ಣಾರ. ಎಷ್ಟು ಹೇಳ್ತೀರಿ?”

“ನಲವತ್ತು ಸಾವಿರ” ಎಂದಿತು ನನ್ನ ಬಾಯಿ.

ಯಲ್ಲಪ್ಪ ಗಾಡಿಯಿಂದ ಮೆಲ್ಲಗೆ ಇಳಿದ. “ಹೊಸಾದು ಕೇಳಲಿಲ್ರಿ ನಾ. ಇದನ್ನ ಕೇಳಿದೆ.”

“ನಲವತ್ತೈದು.”

ಅವನು ಹೋದ ಮೇಲೆ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಶೋಭಾ ಕೇಳಿದಳು: “ಖಾನಾಪುರದ ಕಾಕಾ ನಮ್ಮ ಮನಿಗೆ ಯಾವಾಗ ಬಂದ್ರು?”

ಮರುದಿನ ಬುಟ್ಟಿ ಕಟ್ಟುವಾಗ ಆಕೆ, “ನಲವತ್ತೈದು ಸಾವಿರದ ಗಾಡಿ, ಮೆಲ್ಲಕ ಹೊಡೀರಿ” ಎಂದಳು ಅಷ್ಟೆ. ನಾಚಿಕೆಯಿಂದಲೋ ಹಟದಿಂದಲೋ, ನಾನು ಗಾಡಿಯನ್ನು ಅದರ ಬೆಲೆಗೆ ತಕ್ಕ ಹಾಗೆಯೇ ಓಡಿಸಿದೆ. ತಗ್ಗು ಕಂಡಲ್ಲೆಲ್ಲ ಇಳಿದು, ಕೈಯಿಂದ ನೂಕಿಕೊಂಡು ದಾಟಿಸಿದೆ. ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕಿದರು. ಖಾನಾವಳಿಯವನು ಬುಟ್ಟಿಯ ಬಟ್ಟೆ ಸರಿಸಿ ಮೊದಲ ಸಲ ಹುಬ್ಬೇರಿಸಿದ. ಒಂದು ರೊಟ್ಟಿಯೂ ಮುರಿದಿರಲಿಲ್ಲ. “ಹಿಂಗ ತರೂದಾದ್ರ ನಾಳಿಂದ ಇನ್ನೊಂದು ಬುಟ್ಟಿ ತರ್ರಿ” ಎಂದ. ಕಾರ್ಖಾನೆಗೆ ತಡವಾದದ್ದಕ್ಕೆ ಬೈಸಿಕೊಂಡದ್ದು ಬೇರೆ ಮಾತು.

ಸಂಜೆ ಯಲ್ಲಪ್ಪನ ಫೋನು ಬಂತು. “ಅಣ್ಣಾರ, ಹದಿನೆಂಟಕ್ಕ ಮುಗಸೂಣೇನ್ರಿ?”

ಒಪ್ಪಿಕೊಳ್ಳಲೆಂದೇ ಬಾಯಿ ತೆರೆದೆ. “ಈ ಗಾಡಿಯೊಳಗ ರೊಟ್ಟಿ ಸೈತ ಮುರಿಯೂದಿಲ್ಲಪಾ” ಎಂಬ ಮಾತು ಬಂತು. ಅದರ ಹಿಂದೆಯೇ “ಐವತ್ತು ಸಾವಿರ” ಎಂಬುದೂ ಬಂತು. ಅತ್ತ ಕಡೆ ಫೋನು ಇಟ್ಟ ಸಪ್ಪಳ.

ಒಳಗಿನಿಂದ ಶೋಭಾ ಕೂಗಿದಳು: “ಚಹಾ ಆಗೇತಿ. ಒಳಗ ಬರ್ತೀರೋ, ಗಾಡಿ ಮ್ಯಾಲೆ ತಂದು ಕೊಡ್ಲೋ?”