ಕಾರಿಗೆ ಕೂರಿಸಿದ ಕಣ್ಣು

"ಅಲ್ಲಾ, ಇದ್ಯಾಕಿಂಗೆ ಅಲ್ಲಾಡ್ತದೆ?"

ಶಾಂತಮೂರ್ತಿ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿ ಒದ್ದೆ ಬಟ್ಟೆ, ಎದುರಿಗೆ ಡಾಕ್ಟರ್ ಸಿದ್ದಮಲ್ಲಪ್ಪನವರ ಹಳೇ ಇಂಗ್ಲೆಂಡ್ ಕಾರು. ಟಾಪಿಲ್ಲದ, ಎರಡೇ ಸೀಟಿನ, ಮಂಡಿಯೂರಿ ಕೂತ ಬಸವನಂಥ ಗಿಡ್ಡ ಗಾಡಿ. ಅದರ ಮುಂದಿನ ಎರಡೂ ದೊಡ್ಡ ದೀಪಗಳ ಗಾಜುಗಳು, ಮುಟ್ಟಿದರೆ ಸಾಕು, ಮಗುವಿನ ಹಾಲುಹಲ್ಲಿನ ಹಾಗೆ ಆಡುತ್ತಿದ್ದವು.

ಸಂಜೆ ಯಳಂದೂರಿನ ಛತ್ರದಲ್ಲಿ ತಂಗಿ ನಾಗಶ್ರೀಯ ವರಪೂಜೆ. ಗಂಡನ್ನು ಇದೇ ಕಾರಿನಲ್ಲಿ ಮೆರೆಸುತ್ತೇವೆಂದು ಶಾಂತಮೂರ್ತಿ ಬೀಗರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದ. ಬೆಳಿಗ್ಗೆ ಡಾಕ್ಟರು ಗಾಡಿಯನ್ನು ಮಧುವನಹಳ್ಳಿಯ ಇವನ ಮನೆ ಮುಂದೆ ನಿಲ್ಲಿಸಿ, "ಕೊಳ್ಳೇಗಾಲಕ್ಕೆ ಹೋಗಿ ಬರ್ತೀನಿ, ಕೈ ಹಚ್ಚಬೇಡ" ಎಂದು ಇವನದೇ ಸ್ಕೂಟರ್ ಹತ್ತಿದ್ದರು. ಒರೆಸುವುದು ಕೈ ಹಚ್ಚಿದ ಲೆಕ್ಕವೋ ಅಲ್ಲವೋ ತಿಳಿಯದೆ ಇವನು ಒರೆಸಿದ್ದ.

"ಸ್ಕ್ರೂ ಎಲ್ಲೋ ಮಗ?" ತಾಯಿ ಬಸವಮ್ಮ ಬಂದರು.

"ಬಿದ್ದೋದೋ ಏನೋ ಕಣವ್ವ."

ಬಸವಮ್ಮ ರಾಗಿ ಜರಡಿ ತಂದು ಗಾಡಿಯ ಸುತ್ತಲಿನ ಮಣ್ಣನ್ನೆಲ್ಲ ಜರಡಿ ಹಿಡಿದರು. ಒಂದು ಗೋಲಿ, ಒಂದು ಹೇರ್‌ಪಿನ್ನು, ಸೊಸೆ ಕಳೆದುಕೊಂಡು ಅತ್ತಿದ್ದ ಮೂಗುಬೊಟ್ಟು ಸಿಕ್ಕಿದವು. ಸ್ಕ್ರೂ ಸಿಗಲಿಲ್ಲ.

ಅಷ್ಟರಲ್ಲಿ ಬೀದಿಯೇ ನೆರೆಯಿತು. "ಮೈದಾ ಕಾಯಿಸಿ ಮೆತ್ತು ಕಣಪ್ಪ. ಚಪ್ಪರಕ್ಕೆ ಬಣ್ಣದ ಕಾಗ್ದ ಅಂಟಿಸ್ಲಿಲ್ವಾ?" ಎಂದಳು ಎದುರುಮನೆ ಪುಟ್ಟಮಾದಮ್ಮ.

ಸೈಕಲ್ ಶಾಪಿನ ಮಾದೇಶನ ದಾರಿಯೇ ಬೇರೆ. "ಟ್ಯೂಬ್ ಸುತ್ತು ಕಣ್ಲಾ."

"ಟ್ಯೂಬ್ ಸುತ್ತುದ್ರೆ ಬೆಳಕೆಂಗ್ಲಾ ಬತ್ತದೆ?"

"ನಿಂಗೆ ಬೆಳ್ಕು ಬೇಕಾ, ಗಾಜು ನಿಲ್ಬೇಕಾ? ಯಾವ್ದಾರೂ ಒಂದ್ ಯೋಳು."

ಯಾವುದು ಬೇಕೆಂದು ಶಾಂತಮೂರ್ತಿಗೆ ನಿಜಕ್ಕೂ ತಿಳಿಯಲಿಲ್ಲ.

ಕೊನೆಗೆ ಬಸವಮ್ಮನೇ ಮಾರಿಗುಡಿಯ ಪೂಜಾರಿ ಚಿಕ್ಕಮಾದಪ್ಪನನ್ನು ಕರೆತಂದರು. ಅಮ್ಮನವರ ಕಲ್ಲಿಗೆ ಬೆಳ್ಳಿಕಣ್ಣು ಕೂರಿಸುವ ಕೈ ಅದು. ಅವನು ಅರಗು, ಜೇನುಮೇಣ ಕಾಯಿಸಿ ಗಾಜುಗಳ ಸುತ್ತ ತುಂಬಿ, ತನ್ನ ಪಾಡಿಗೆ ಪದ ಹೇಳಿಕೊಳ್ಳುತ್ತ ಒತ್ತಿ ಹಿಡಿದ. ಪದ ಮುಗಿಯುವಷ್ಟರಲ್ಲಿ ಗಾಜು ಕಲ್ಲಿನಂತೆ ಕೂತಿತ್ತು. ಕಣ್ಣು ಕೂರಿಸಿದ ಮೇಲೆ ಹಾಗೇ ಬಿಡುವುದುಂಟೆ? ಕುಂಕುಮ ಇಟ್ಟು, ಕಾಯಿ ಒಡೆದು, ಮಂಗಳಾರತಿ ಎತ್ತಿದ. ಬೀದಿಯೆಲ್ಲ ಕೈಮುಗಿಯಿತು. ಶಾಂತಮೂರ್ತಿಯೂ ಮುಗಿದ, ಯಾವ ದೇವರಿಗೆಂದು ಗೊತ್ತಾಗದೆ.

ಹೊತ್ತು ಇಳಿಯುತ್ತಿತ್ತು. ಆರತಿ ಆರುವ ಮೊದಲೇ ಸ್ಕೂಟರ್ ಬಂದು ನಿಂತಿತು. ಡಾಕ್ಟರು ಜೇಬಿನಿಂದ ಎರಡು ಹೊಸ ಬಲ್ಬು, ಒಂದು ಹಿಡಿ ಸ್ಕ್ರೂ ತೆಗೆದು, ಗಾಡಿ ನೋಡಿ ನಿಂತರು.

"ಇದೇನೋ ಮೂರ್ತಿ, ಅರಗು? ಬಲ್ಬ್ ಸುಟ್ಟಿದ್ವು ಅಂತ ಸ್ಕ್ರೂ ಸಮೇತ ನಾನೇ ಬಿಚ್ಚಿ ಅಳತೆಗೆ ತಗೊಂಡು ಹೋಗಿದ್ದೆ. ಒಳಗೆ ಏನೂ ಇಲ್ಲ ಕಣೋ."

"ಇಲ್ದಿದ್ರೂ ಗಾಡಿ ಓಯ್ತದಲ್ವಾ ಸಾ?"

"ದೀಪ ಇಲ್ಲದೆ ಕತ್ತಲಲ್ಲಿ ನಾನು ಗಾಡಿ ತೆಗೆಯಲ್ಲ. ನಾನು ಕಿತ್ತರೆ ಗಾಜು ಒಡೆಯುತ್ತೆ, ಇನ್ನೊಂದು ಇಂಗ್ಲೆಂಡಿಂದ ಬರಬೇಕು. ಅಂಟಿಸಿದವರೇ ಬಿಡಿಸಲಿ."

ಶಾಂತಮೂರ್ತಿ ಪೂಜಾರಿಯ ಕೈ ಹಿಡಿದುಕೊಂಡ. "ಮಾವ, ಒಂದ್ಸಲ ಬಿಸಿ ಮಾಡಿ ತೆಗ್ದುಬುಡು. ಬೀಗರು ಆಗ್ಲೇ ಛತ್ರದ ಬಾಗಿಲಲ್ಲಿ ನಿಂತವ್ರೆ."

ಚಿಕ್ಕಮಾದಪ್ಪ ಒಡೆದ ಕಾಯಿಯ ಹೋಳೊಂದನ್ನು ಅವನ ಕೈಗಿಟ್ಟ.

"ಇನ್ನೇನ್ ಬೇಕಾರೂ ಕೇಳು ಕಣಪ್ಪ. ಆರತಿ ಆದ ಕಣ್ಣ ಮಾತ್ರ ನಾನು ಕೀಳಾಕಿಲ್ಲ."