ಮೆದೆರ್ ಬಾಯಿ ಬಿಡದ ದಿನ

ಕಿಟಕಿಯ ಹೊಸ ಪರದೆ ಹೇಗಿದೆ ಎಂದು ಅಸಿಲ್ ಕೇಳಿದ್ದಕ್ಕೆ ಗಂಡ ಮೆದೆರ್ ಬರೀ ‘ಹ್ಞೂಂ’ ಎಂದದ್ದೇ ಎಲ್ಲಕ್ಕೂ ಮೂಲ.

ಕರಕೋಲ್ ಪಟ್ಟಣದಲ್ಲಿ ಮಿನಿಬಸ್ ಓಡಿಸುವ ಮೆದೆರ್‌ಗೆ ಹಿಮದಲ್ಲಿ ಚಕ್ರ ಜಾರಿದರೂ ಹೆದರಿಕೆಯಿಲ್ಲ. ಹೆದರಿಕೆಯೆಲ್ಲ ಹಲ್ಲಿನ ಡಾಕ್ಟರನ್ನು ಕಂಡರೆ. ದವಡೆ ಹಲ್ಲು ಕೀಳಿಸಿದ ಜಾಗ ಮತ್ತೆ ಬಾತುಕೊಂಡಿತ್ತು. ಬಾಯಿಬಿಟ್ಟರೆ ಹೆಂಡತಿ ಆಸ್ಪತ್ರೆಗೆ ಎಳೆದೊಯ್ಯುತ್ತಾಳೆಂದು ಮಫ್ಲರ್ ಸುತ್ತಿಕೊಂಡು ಮೌನವ್ರತ ಹಿಡಿದಿದ್ದ. ಅವಳು ಅದನ್ನು ಕೋಪವೆಂದುಕೊಂಡಳು.

“ಗಂಡಸು ಮಾತು ಬಿಟ್ಟ ಅಂದ್ರೆ ಮನಸ್ಸೂ ಬಿಟ್ಟ ಅಂತಾನೇ ಕಣೇ,” ಎನ್ನುತ್ತ ಪಕ್ಕದ ಮನೆಯ ಸೈರಕ್ಕ ಬೆಳಗ್ಗೆಯೇ ರಾಜಿ ಮಾಡಿಸಲು ಬಂದು ಕೂತಳು. ಕೈಯಲ್ಲಿ ಕುರುತ್, ಮೊಸರನ್ನು ಕಲ್ಲಿನಂತೆ ಒಣಗಿಸಿದ ಉಂಡೆಗಳು. “ಏನಯ್ಯಾ, ಕೋಪ ಇಲ್ಲ ಅನ್ನೋದಾದ್ರೆ ಅವಳ ಕೈಯಿಂದ ಒಂದು ತಿನ್ನು, ನೋಡೋಣ!”

ಮೆದೆರ್ ಒಲ್ಲೆನೆಂದು ತಲೆಯಾಡಿಸಿದ. ಅಸಿಲ್‌ಳ ಕಣ್ಣು ತುಂಬಿ ಬಂತು. ಅದನ್ನು ಮಾತ್ರ ಅವನಿಂದ ನೋಡಲಾಗಲಿಲ್ಲ. ಉಂಡೆ ಬಾಯಿಗೆ ಹಾಕಿ ಕಚ್ಚಿಯೇಬಿಟ್ಟ.

ಅವನ ಕೂಗಿಗೆ ಬೀದಿನಾಯಿಗಳೆಲ್ಲ ದನಿಗೂಡಿಸಿದವು. ಮಫ್ಲರ್ ಕಳಚಿತು. ಕೆನ್ನೆ ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯಂತೆ ಉಬ್ಬಿ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಸಾದಾ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮನಿಗೆ ಸಮಾಧಾನವಾಗಲಿಲ್ಲ. “ಎಲುಬಿನ ಒಳಗಿನ ಕೀವು ಶುರುವಿನಲ್ಲಿ ಇದರಲ್ಲಿ ಕಾಣಲ್ಲ. ಸಿಟಿ ಸ್ಕ್ಯಾನ್ ಮಾಡೋಣ.” ಮೆದೆರ್ ಯಂತ್ರದೊಳಗೆ ಕಣ್ಣುಮುಚ್ಚಿ ಮಲಗಿದ. ಹೊರಗೆ ಸೈರಕ್ಕ ಅಸಿಲ್‌ಳ ಕೈ ಹಿಡಿದು, “ಅದರಲ್ಲಿ ಮನಸ್ಸೂ ಕಾಣತ್ತೇನೇ?” ಎಂದು ಪಿಸುಗುಟ್ಟಿದಳು.

ಕಂಪ್ಯೂಟರ್ ಪರದೆಯ ಮೇಲೆ ದವಡೆ ಪದರಪದರವಾಗಿ ತೆರೆದುಕೊಂಡಿತು. ಒಂದು ಕಡೆ ಹುಳ ಹೊಡೆದ ಕಂಬಳಿಯ ಹಾಗೆ ತೂತುತೂತು. “ದವಡೆ ಎಲುಬಿಗೇ ಸೋಂಕು ಹತ್ತಿದೆ. ಸತ್ತ ಚೂರು ತೆಗೆದು ಶುಚಿ ಮಾಡ್ತೀವಿ, ಡ್ರಿಪ್‌ನಲ್ಲಿ ಔಷಧಿ ಕೊಡ್ತೀವಿ. ವಾಸಿಯಾಗತ್ತೆ.”

ಅಸಿಲ್ ಕುಣಿದಾಡುವುದೊಂದು ಬಾಕಿ. “ಸೈರಕ್ಕಾ, ಕೋಪ ಅಲ್ವಂತೆ! ಬರೀ ಕೀವಂತೆ!”

ಇಷ್ಟು ಖುಷಿಪಟ್ಟ ರೋಗಿಯ ಹೆಂಡತಿಯನ್ನು ಡಾಕ್ಟರಮ್ಮ ಕಂಡಿರಲಿಲ್ಲ. ಮೆದೆರ್‌ನತ್ತ ತಿರುಗಿ ಕೇಳಿದರು: “ಎಷ್ಟು ದಿನದಿಂದ ನೋವು?”

ನೋವಿನ ಚುಚ್ಚುಮದ್ದು ಆಗಲೇ ಹತ್ತಿತ್ತು. ಬಹಳ ದಿನದ ಮೇಲೆ ನಾಲಿಗೆ ಸಲೀಸಾಗಿ ಹೊರಳಿದ ಖುಷಿಯಲ್ಲಿ ಅವನು ನಿಜವನ್ನೇ ಹೇಳಿಬಿಟ್ಟ. “ಒಂದು ತಿಂಗಳಾಯ್ತು. ಇವಳಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದೆ!”

ಅಸಿಲ್‌ಳ ಮುಖದ ನಗು ದೀಪ ಆರಿದಂತೆ ಆರಿತು.

ಸಂಜೆ ವಾರ್ಡಿನಲ್ಲಿ ಅವಳು ಸಾರು ಆರಿಸಿ ಆರಿಸಿ ಕುಡಿಸಿದಳು, ಗಲ್ಲ ಒರೆಸಿದಳು, ಹೊದಿಕೆ ಎಳೆದಳು. ತುಟಿ ಮಾತ್ರ ಬಿಚ್ಚಲಿಲ್ಲ.

“ಅಸಿಲ್, ತಪ್ಪಾಯ್ತು ಕಣೇ. ಏನಾದ್ರೂ ಬೈಯೇ.”

ಉತ್ತರವಾಗಿ ಇನ್ನೊಂದು ಚಮಚ ಸಾರು ಬಂತು.

ಪಕ್ಕದ ಹಾಸಿಗೆಯ ಮುದುಕ ಕನ್ನಡಕ ಏರಿಸಿ ಎದ್ದು ಕೂತ. “ಏನಪ್ಪಾ, ಗಂಡ-ಹೆಂಡ್ತಿ ಜಗಳಾನಾ? ಎಲ್ಲಾ ನಂಗೆ ಬಿಡು, ನಾನು ಸರಿಮಾಡ್ತೀನಿ.”